ವಾರಕ್ಕೆ ಹತ್ತು ಪದ: ಸೋಮವಾರದಿಂದ ಶನಿವಾರದವರೆಗೆ ಮಾಡಬೇಕಾದುದು

ಪ್ರೌಢಶಾಲೆಯ ಕನ್ನಡ ತರಗತಿಗಳಲ್ಲಿ ಸೋಮವಾರ ಹತ್ತು ಹೊಸ ಪದಗಳನ್ನು ಹಲಗೆಯ ಮೇಲೆ ಬರೆದು, ಶನಿವಾರ ಬೆಳಗಿನ ತರಗತಿಗೆ ಅವುಗಳ ಅರ್ಥವನ್ನೂ ಒಂದೊಂದು ಸ್ವಂತ ವಾಕ್ಯವನ್ನೂ ಬರೆದು ತರಲು ಹೇಳುವ ಕ್ರಮವನ್ನು ಅನೇಕ ಶಿಕ್ಷಕರು ಇಟ್ಟುಕೊಂಡಿದ್ದಾರೆ. ಕ್ರಮ ಒಳ್ಳೆಯದೇ. ಆದರೆ ಅದು ಮನೆಯಲ್ಲಿ ನಡೆಯುವ ರೀತಿ ಬಹುಪಾಲು ಒಂದೇ ಆಗಿರುತ್ತದೆ: ಐದು ದಿನ ಪುಸ್ತಕ ಚೀಲದಿಂದ ಹೊರಗೆ ಬರುವುದಿಲ್ಲ, ಶುಕ್ರವಾರ ರಾತ್ರಿ ಊಟವಾದ ಮೇಲೆ ಗೈಡು ತೆರೆದು ಹತ್ತೂ ಅರ್ಥಗಳನ್ನು ಇಳಿಸಿಕೊಂಡು, ವಾಕ್ಯಕ್ಕೆ ತೋಚಿದ್ದನ್ನು ಗೀಚಿದರೆ ಕೆಲಸ ಮುಗಿಯಿತು. ಶನಿವಾರ ಪುಟದ ಕೆಳಗೆ ಕೆಂಪು ಶಾಯಿಯ ಸಹಿ ಬೀಳುತ್ತದೆ, ಮುಂದಿನ ಸೋಮವಾರ ಆ ಹತ್ತರಲ್ಲಿ ಎರಡು ನೆನಪಿದ್ದರೆ ಹೆಚ್ಚು. ಶುಕ್ರವಾರದ ಆ ಒಂದು ಗಂಟೆಯನ್ನೇ ದಿನಕ್ಕೆ ಹತ್ತು ಹನ್ನೆರಡು ನಿಮಿಷಗಳಂತೆ ವಾರದುದ್ದಕ್ಕೂ ಹರಡಿದರೆ ಏನೇನು ಮಾಡಬಹುದು ಎಂಬುದನ್ನು ಇಲ್ಲಿ ಒಂದು ಉದಾಹರಣೆಯ ಪಟ್ಟಿಯನ್ನು ಹಿಡಿದು ವಿವರಿಸುತ್ತೇನೆ. ಹೆಚ್ಚು ಸಮಯವನ್ನು ನಾನು ಕೇಳುತ್ತಿಲ್ಲ.

ಪಟ್ಟಿ ಹೀಗಿದೆ ಎಂದುಕೊಳ್ಳೋಣ: ಕಂಬನಿ, ನಿಟ್ಟುಸಿರು, ಹೆಮ್ಮರ, ಬೆಂಗಾಡು, ಮಿಂದು, ಬೈಗು, ಇನಿದನಿ, ಔದಾರ್ಯ, ಕೃತಘ್ನ, ಮೇಟಿ.

ಸೋಮವಾರ ನಿಘಂಟನ್ನು ಮುಟ್ಟಬೇಡಿ. ಹತ್ತು ಪದಗಳನ್ನು ಎಡಕ್ಕೆ ಬರೆದುಕೊಂಡು, ಪ್ರತಿಯೊಂದರ ಎದುರು ನಿಮಗೆ ತೋಚಿದ ಅರ್ಥವನ್ನು ಸೀಸದಕಡ್ಡಿಯಲ್ಲಿ ಬರೆಯಿರಿ. ಪಾಠದಲ್ಲಿ ಆ ಪದ ಬಂದಿರುವ ಸಾಲನ್ನು ಹುಡುಕಿ, ಅದರ ಹಿಂದಿನ ಮುಂದಿನ ಸಾಲುಗಳನ್ನು ಓದಿ ಊಹಿಸಿರಿ. ಊಹೆ ತಪ್ಪಾದರೆ ನಷ್ಟವೇನೂ ಇಲ್ಲ. ‘ಬೆಂಗಾಡು’ ಎಂದರೆ ಬೆಟ್ಟದ ಮೇಲಿನ ಕಾಡು ಎಂದು ಸೋಮವಾರ ಬರೆದುಕೊಂಡವನಿಗೆ, ಅದು ಮರಗಿಡಗಳೇ ಇಲ್ಲದ ಬಿಸಿಲುನೆಲ ಎಂದು ಮಂಗಳವಾರ ತಿಳಿದಾಗ ಆಗುವ ಅಚ್ಚರಿಯೇ ಆ ಪದಕ್ಕೆ ಗೂಟವಾಗುತ್ತದೆ. ಊಹಿಸದೆ ನೇರವಾಗಿ ಅರ್ಥವನ್ನು ನಕಲು ಮಾಡಿಕೊಂಡವನಿಗೆ ಈ ಅಚ್ಚರಿಯ ಲಾಭ ಇರುವುದಿಲ್ಲ. ತಪ್ಪು ಊಹೆಯನ್ನು ಅಳಿಸಬೇಡಿ, ಸರಿಯಾದ ಅರ್ಥವನ್ನು ಅದರ ಪಕ್ಕದಲ್ಲಿ ಪೆನ್ನಿನಲ್ಲಿ ಬರೆಯಿರಿ.

ಇದೇ ದಿನ ಮನೆಯಲ್ಲಿ ಹಿರಿಯರನ್ನು ಒಂದು ಮಾತು ಕೇಳಿ ನೋಡಿ. ಪಟ್ಟಿಯ ಹತ್ತೂ ಪದಗಳು ಎಲ್ಲರಿಗೂ ಹೊಸವಾಗಿರುವುದಿಲ್ಲ. ಕಣದ ನಡುವೆ ನೆಟ್ಟ ಕಂಬದ ಸುತ್ತ ಎತ್ತುಗಳನ್ನು ತಿರುಗಿಸಿ ತೆನೆ ತುಳಿಸಿದ್ದನ್ನು ಕಂಡ ಅಜ್ಜನಿಗೆ ‘ಮೇಟಿ’ ಎಂದರೇನೆಂದು ಯಾವ ನಿಘಂಟೂ ಹೇಳಬೇಕಾಗಿಲ್ಲ, ಮತ್ತು ಬೇಸಾಯಕ್ಕೆ ‘ಮೇಟಿ ವಿದ್ಯೆ’ ಎಂಬ ಹೆಸರಿರುವುದನ್ನು ಆತ ನಿಮಗೆ ಒಕ್ಕಣೆಯ ಕಥೆಯೊಂದಿಗೇ ತಿಳಿಸಬಲ್ಲ. ಕರಾವಳಿ, ಮಲೆನಾಡುಗಳ ಕೆಲವು ಮನೆಗಳಲ್ಲಿ ಸ್ನಾನಕ್ಕೆ ‘ಮೀಯುವುದು’ ಎಂದೇ ಇಂದಿಗೂ ಹೇಳುತ್ತಾರೆ. ಆ ಮನೆಯ ಹುಡುಗಿಗೆ ‘ಮಿಂದು’ ಪಠ್ಯಪುಸ್ತಕದ ಪದವಲ್ಲ, ಬಚ್ಚಲಮನೆಯ ಪದ. ಮನೆಮಾತಿನಲ್ಲಿ ಸಿಕ್ಕ ಪದಕ್ಕೆ ಒಂದು ನಕ್ಷತ್ರದ ಗುರುತು ಹಾಕಿರಿ, ಅದಕ್ಕೆ ಮುಂದಿನ ದಿನಗಳಲ್ಲಿ ಹೆಚ್ಚು ಹೊತ್ತು ಬೇಕಾಗುವುದಿಲ್ಲ.

ನಿಘಂಟಿನಲ್ಲಿ ಪದವೇ ಇಲ್ಲ ಎಂಬ ದೂರು

ಮಂಗಳವಾರದ ಕೆಲಸ ನಿಘಂಟನ್ನು ನೋಡುವುದು. ಶಾಲೆಯ ಗ್ರಂಥಾಲಯದಲ್ಲಿ ಕನ್ನಡ ಸಾಹಿತ್ಯ ಪರಿಷತ್ತಿನ ‘ಕನ್ನಡ ರತ್ನಕೋಶ’ ಇದ್ದರೆ ದಿನನಿತ್ಯದ ಬಳಕೆಗೆ ಸಾಕು. ಪರಿಷತ್ತಿನ ಎಂಟು ಸಂಪುಟಗಳ ದೊಡ್ಡ ನಿಘಂಟು ಪದವು ಯಾವ ಶಾಸನದಲ್ಲಿ, ಯಾವ ಕಾವ್ಯದಲ್ಲಿ ಬಂದಿದೆ ಎಂಬ ಪ್ರಯೋಗಗಳನ್ನೂ ಕೊಡುವುದರಿಂದ, ಊರಿನ ಸಾರ್ವಜನಿಕ ಗ್ರಂಥಾಲಯದಲ್ಲಿ ಅದು ಇದ್ದರೆ ತಿಂಗಳಿಗೊಮ್ಮೆಯಾದರೂ ಹೋಗಿ ತೆರೆಯುವುದು ಒಳಿತು. ಫರ್ಡಿನೆಂಡ್ ಕಿಟೆಲ್ ಅವರು ಸಿದ್ಧಪಡಿಸಿ 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ನಿಘಂಟಿನಲ್ಲಿ ಅರ್ಥಗಳು ಇಂಗ್ಲಿಷಿನಲ್ಲಿದ್ದರೂ ಪದದ ಹಳೆಯ ರೂಪ, ಅದರ ತಮಿಳು ತೆಲುಗು ನೆಂಟರು ಒಂದೆಡೆ ಸಿಗುತ್ತಾರೆ. ಮೊಬೈಲಿನಲ್ಲಿ ನೋಡುವವರಿಗೆ ವಿ. ಕೃಷ್ಣ ಅವರ ‘ಅಲರ್’ ಕನ್ನಡ–ಇಂಗ್ಲಿಷ್ ನಿಘಂಟು ಉಚಿತವಾಗಿ ದೊರೆಯುತ್ತದೆ. ಆದರೂ ಮೊದಲ ಕೆಲವು ತಿಂಗಳು ಮುದ್ರಿತ ನಿಘಂಟನ್ನೇ ಬಳಸಿರಿ ಎಂದು ನಾನು ಹೇಳುತ್ತೇನೆ, ಏಕೆಂದರೆ ಹುಡುಕುವ ಪದದ ಮೇಲೆ ಕೆಳಗೆ ಕಣ್ಣಿಗೆ ಬೀಳುವ ನಾಲ್ಕಾರು ಪದಗಳು ಮೊಬೈಲಿನ ಹುಡುಕಾಟದಲ್ಲಿ ಸಿಗುವುದಿಲ್ಲ.

‘ಸಾರ್, ಈ ಪದ ನಿಘಂಟಿನಲ್ಲಿ ಇಲ್ಲ’ ಎಂಬ ದೂರು ಪ್ರತಿ ವರ್ಷವೂ ಕೇಳಿಬರುತ್ತದೆ, ಮತ್ತು ಹತ್ತರಲ್ಲಿ ಒಂಬತ್ತು ಸಲ ಪದ ಅಲ್ಲಿಯೇ ಇರುತ್ತದೆ. ಮೊದಲನೆಯ ಕಾರಣ ಅಕ್ಷರಗಳ ಅನುಕ್ರಮ. ಹೆಚ್ಚಿನ ನಿಘಂಟುಗಳಲ್ಲಿ ಅನುಸ್ವಾರವಿರುವ ಪದಗಳು ವ್ಯಂಜನಗಳಿಗಿಂತ ಮೊದಲು ಬರುತ್ತವೆ. ‘ಕಂಬನಿ’ಯನ್ನು ‘ಕಮ’ದ ಹತ್ತಿರ ಹುಡುಕಿದರೆ ಸಿಗುವುದಿಲ್ಲ, ‘ಕಕ್ಕ’ಕ್ಕಿಂತ ಮೊದಲು, ‘ಕ’ದ ಆರಂಭದ ಪುಟಗಳಲ್ಲಿ ನೋಡಬೇಕು. ಒತ್ತಕ್ಷರವಾದರೋ ಆ ವ್ಯಂಜನದ ಕಾಗುಣಿತವೆಲ್ಲ ಮುಗಿದ ಮೇಲೆ ಬರುತ್ತದೆ, ಆದ್ದರಿಂದ ‘ಕತೆ’ ಮೊದಲು, ‘ಕತ್ತರಿ’ ನಂತರ. ಕೆಲವು ಹಳೆಯ ನಿಘಂಟುಗಳ ಏರ್ಪಾಡು ಬೇರೆಯಾಗಿರಬಹುದು, ಹಾಗಾಗಿ ಹೊಸದೊಂದು ನಿಘಂಟು ಕೈಗೆ ಬಂದಾಗ ಐದಾರು ಪುಟ ಸುಮ್ಮನೆ ತಿರುವಿ ಅದರ ಕ್ರಮವನ್ನು ತಿಳಿದುಕೊಂಡು ಆಮೇಲೆ ಹುಡುಕಲು ತೊಡಗಿರಿ.

ಎರಡನೆಯ ಕಾರಣ ಇದಕ್ಕಿಂತ ಮುಖ್ಯವಾದುದು. ನಿಘಂಟು ಕ್ರಿಯಾಪದದ ಮೂಲರೂಪವನ್ನು ಕೊಡುತ್ತದೆ, ಪಾಠದಲ್ಲಿ ಬರುವುದು ಅದರ ಭೂತಕಾಲದ ರೂಪ, ಮತ್ತು ಕನ್ನಡದ ಅತಿ ಹಳೆಯ, ಅತಿ ಚಿಕ್ಕ ಧಾತುಗಳೇ ಭೂತಕಾಲದಲ್ಲಿ ಗುರುತು ಸಿಗದಷ್ಟು ಬದಲಾಗುತ್ತವೆ. ‘ಮಿಂದು’ ಸಿಗುವುದು ‘ಮೀಯು’ ಎಂಬಲ್ಲಿ. ‘ನೊಂದ’ ಎಂಬುದಕ್ಕೆ ‘ನೋಯು’, ‘ಬೆಂದ’ ಎಂಬುದಕ್ಕೆ ‘ಬೇಯು’, ‘ಹೊತ್ತ’ ಎಂಬುದಕ್ಕೆ ‘ಹೊರು’, ‘ಕಂಡ’ ಎಂಬುದಕ್ಕೆ ‘ಕಾಣು’, ‘ಸೋತ’ ಎಂಬುದಕ್ಕೆ ‘ಸೋಲು’, ದಾನ ‘ಇತ್ತ’ ಎಂಬುದಕ್ಕೆ ‘ಈ’ ಅಥವಾ ‘ಈಯು’ ನೋಡಬೇಕು. ಮೂಲರೂಪ ಹೊಳೆಯದಿದ್ದರೆ ಸುಲಭದ ಉಪಾಯವೊಂದಿದೆ: ಆ ಪದವನ್ನು ‘ಅವನು ನಾಳೆ …ವನು’ ಎಂಬ ಖಾಲಿ ಜಾಗದಲ್ಲಿ ಇಟ್ಟು ಗಟ್ಟಿಯಾಗಿ ಹೇಳಿ ನೋಡಿ. ‘ನಾಳೆ ಬೇಯುವುದು’, ‘ನಾಳೆ ಹೊರುವನು’, ‘ನಾಳೆ ಸೋಲುವನು’ ಎಂದು ನಾಲಿಗೆ ತಾನಾಗಿ ಹೇಳುತ್ತದೆ, ಧಾತು ಅಲ್ಲಿ ಹೊರಬೀಳುತ್ತದೆ.

ಇಷ್ಟು ಮಾಡಿದ ಮೇಲೆ ನಿಘಂಟಿನ ಮೊದಲ ಅರ್ಥವನ್ನು ಬರೆದುಕೊಂಡು ಪುಸ್ತಕ ಮುಚ್ಚಬೇಡಿ. ಒಂದು ಪದಕ್ಕೆ ನಾಲ್ಕು ಅರ್ಥಗಳಿದ್ದರೆ ಪಾಠದ ಸಾಲಿಗೆ ಹೊಂದುವುದು ಯಾವುದೆಂದು ಇಟ್ಟು ನೋಡಿ ಆರಿಸಿರಿ. ಗೈಡಿನಲ್ಲಿ ಈ ಆಯ್ಕೆಯನ್ನು ಬೇರೆಯವರು ನಿಮ್ಮ ಪರವಾಗಿ ಮಾಡಿರುತ್ತಾರೆ, ಅದರಿಂದ ನಿಮಗೆ ಉಳಿಯುವುದು ಅರ್ಧ ನಿಮಿಷ ಮಾತ್ರ.

ಪದವನ್ನು ಬಿಡಿಸುವುದು

ಬುಧವಾರದ ಹನ್ನೆರಡು ನಿಮಿಷಗಳೇ ಇಡೀ ವಾರದಲ್ಲಿ ಹೆಚ್ಚು ಫಲ ಕೊಡುವಂಥವು, ಆದ್ದರಿಂದ ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ಸಂಧಿ, ಸಮಾಸಗಳನ್ನು ವ್ಯಾಕರಣದ ಪ್ರಶ್ನೆಗಳಿಗೆಂದು ಬೇರೆಯಾಗಿ ಬಾಯಿಪಾಠ ಮಾಡುವ ವಿದ್ಯಾರ್ಥಿ, ಅವು ಹೊಸ ಪದಗಳ ಬೀಗದ ಕೈ ಎಂಬುದನ್ನು ಗಮನಿಸಿರುವುದಿಲ್ಲ. ‘ಕಂಬನಿ’ಯನ್ನು ಬಿಡಿಸಿರಿ: ಕಣ್ ಮತ್ತು ಪನಿ. ‘ಪನಿ’ ಎಂದರೆ ಇಂದಿನ ‘ಹನಿ’. ಹಳಗನ್ನಡದ ಪದಾದಿಯ ‘ಪ’ಕಾರ ಮುಂದೆ ‘ಹ’ಕಾರವಾಯಿತು, ಪಾಲು ಹಾಲಾಯಿತು, ಪುಲಿ ಹುಲಿಯಾಯಿತು, ಪೆಸರು ಹೆಸರಾಯಿತು. ಆದರೆ ‘ಕಂಬನಿ’ಯ ಒಳಗೆ ಸೇರಿಕೊಂಡಿದ್ದ ‘ಪನಿ’ಯ ‘ಪ’ಕಾರ ಆಗಲೇ ಆದೇಶ ಸಂಧಿಯಿಂದ ‘ಬ’ಕಾರವಾಗಿದ್ದುದರಿಂದ ಆ ಬದಲಾವಣೆಗೆ ಸಿಗದೆ ಉಳಿಯಿತು. ಕ, ತ, ಪ ಅಕ್ಷರಗಳು ಗ, ದ, ಬ ಆಗುವ ಈ ಒಂದು ನಿಯಮ ಕೈವಶವಾದರೆ ಮಳೆಗಾಲದಲ್ಲಿ ‘ಕಾಲ’ವೂ, ಬೆಟ್ಟದಾವರೆಯಲ್ಲಿ ‘ತಾವರೆ’ಯೂ, ಹೊಸಗನ್ನಡದಲ್ಲಿ ‘ಕನ್ನಡ’ವೂ, ಬೆಳ್ದಿಂಗಳಲ್ಲಿ ‘ತಿಂಗಳು’ ಎಂಬ ಚಂದ್ರನೂ ಕಾಣಿಸುತ್ತಾರೆ, ಮತ್ತು ಹಿಂದೆಂದೂ ನೋಡದ ‘ಬೆಳ್ಗೊಡೆ’ ಎದುರಾದಾಗ ಅದು ಬಿಳಿಯ ಕೊಡೆ ಎಂಬುದನ್ನು ನಿಘಂಟಿಲ್ಲದೆ ಹೇಳಬಹುದು.

‘ಹೆಮ್ಮರ’ವನ್ನು ಹಿರಿದು ಮತ್ತು ಮರ ಎಂದು ಬಿಡಿಸಿದ ಕೂಡಲೇ ಒಂದು ಕುಟುಂಬವೇ ಎದ್ದು ಬರುತ್ತದೆ: ಹೆದ್ದಾರಿ, ಹೆಬ್ಬಾಗಿಲು, ಹೆಬ್ಬಂಡೆ, ಹೆಬ್ಬೆರಳು, ಹೆಜ್ಜೇನು. ಎರಡನೆಯ ಪದದ ಮೊದಲ ವ್ಯಂಜನ ಇಮ್ಮಡಿಯಾಗುತ್ತದೆ ಎಂಬುದನ್ನು ನೀವೇ ಕಂಡುಕೊಳ್ಳುತ್ತೀರಿ. ‘ನಿಟ್ಟುಸಿರು’ ಎಂಬುದರಲ್ಲಿ ನಿಡಿದಾದ, ಎಂದರೆ ಉದ್ದವಾದ, ಉಸಿರಿದೆ. ‘ಇನಿದನಿ’ಯಲ್ಲಿ ‘ಇನಿ’ ಎಂದರೆ ಸವಿ, ‘ದನಿ’ಯು ಸಂಸ್ಕೃತದ ‘ಧ್ವನಿ’ ಕನ್ನಡಕ್ಕೆ ಬಂದು ತದ್ಭವವಾದ ರೂಪ. ಸಂಧ್ಯಾ ಸಂಜೆಯಾದಂತೆ, ವರ್ಣ ಬಣ್ಣವಾದಂತೆ. ಸಂಜೆ ಎಂಬ ಅರ್ಥದ ‘ಬೈಗು’ ಮಾತ್ರ ಬಿಡಿಸಲು ಬಾರದ ಪದ. ಅದನ್ನು ‘ಬೆಳಗು ಬೈಗು’ ಎಂಬ ಜೋಡಿಯಲ್ಲಿ ಕಲಿಯಿರಿ, ಒಂದರ ಕೈ ಹಿಡಿದು ಇನ್ನೊಂದು ಬರುತ್ತದೆ.

ಇಲ್ಲೊಂದು ಎಚ್ಚರಿಕೆ ಬೇಕು. ರೂಪ ಒಂದೇ ತೆರನಾಗಿದ್ದರೆ ಮೂಲವೂ ಒಂದೇ ಎಂದು ನಂಬಬಾರದು. ‘ಬೆಂಗಾಡು’ ಎಂಬುದರ ‘ಬೆಂ’ ಬಿಸಿಯನ್ನು ಹೇಳುತ್ತದೆ, ‘ಬೆನ್ನೀರು’ ಎಂಬ ಬಿಸಿನೀರಿನಲ್ಲಿಯೂ ಅದೇ ಇದೆ, ಸೂರ್ಯನಿಗೆ ಹಳಬರು ಇಟ್ಟ ‘ಬೆಂಗದಿರ’ ಎಂಬ ಹೆಸರಿನಲ್ಲಿಯೂ ಅದೇ ಇದೆ. ಆದರೆ ‘ಬೆಂಗಾವಲು’ ಎಂಬುದರ ‘ಬೆಂ’ ನಮ್ಮ ಬೆನ್ನು. ಬೆನ್ನ ಹಿಂದಿನ ಕಾವಲು ಬೆಂಗಾವಲು, ಬೆನ್ನಿಗಿರುವ ಬಲ ಬೆಂಬಲ. ಹಾಗೆಯೇ ‘ಹೆಜ್ಜೆ’ಯನ್ನು ಹೆಜ್ಜೇನಿನ ಪಕ್ಕದಲ್ಲಿ ಇಟ್ಟು ‘ಹಿರಿದು’ ಎಂಬುದನ್ನು ಅದರಲ್ಲಿ ಹುಡುಕಬಾರದು. ಅನುಮಾನ ಬಂದರೆ ಶಿಕ್ಷಕರನ್ನು ಕೇಳಿರಿ. ನೂರೇಳು ವರ್ಷ ಬಾಳಿದ ನಿಘಂಟುಕಾರ ಜಿ. ವೆಂಕಟಸುಬ್ಬಯ್ಯನವರು ಪತ್ರಿಕೆಯ ಅಂಕಣದಲ್ಲಿ ವರ್ಷಗಟ್ಟಲೆ ಉತ್ತರಿಸಿದ್ದು ಓದುಗರು ಕೇಳಿದ ಇಂಥ ಪ್ರಶ್ನೆಗಳಿಗೇ. ಪದದ ಬಗ್ಗೆ ಕೇಳಲು ನಾಚಬೇಕಾದ ಪ್ರಶ್ನೆ ಎಂಬುದಿಲ್ಲ.

ಸಂಸ್ಕೃತದಿಂದ ಬಂದ ಪದಗಳಿಗೆ ಬೀಗದ ಕೈ ಬೇರೆ. ‘ಔದಾರ್ಯ’ ಎಂಬುದು ‘ಉದಾರ’ ಎಂಬ ಗುಣವಾಚಕದಿಂದ ಹುಟ್ಟಿದ ಭಾವನಾಮ. ಮೊದಲ ಸ್ವರ ಹಿಗ್ಗಿ, ಕೊನೆಗೆ ‘ಯ’ ಸೇರಿದೆ. ಸುಂದರ ಸೌಂದರ್ಯವಾಗುವುದು, ಧೀರ ಧೈರ್ಯವಾಗುವುದು, ಮಧುರ ಮಾಧುರ್ಯವಾಗುವುದು, ಉಚಿತ ಔಚಿತ್ಯವಾಗುವುದು, ಏಕ ಐಕ್ಯವಾಗುವುದು ಇದೇ ದಾರಿಯಲ್ಲಿ. ಇದನ್ನು ತಿಳಿದವನು ‘ಔದಾರ್ಯತೆ’, ‘ಸೌಂದರ್ಯತೆ’ ಎಂದು ಬರೆಯುವುದಿಲ್ಲ, ಏಕೆಂದರೆ ಒಮ್ಮೆ ಭಾವನಾಮವಾದುದಕ್ಕೆ ಮತ್ತೊಂದು ಪ್ರತ್ಯಯದ ಅಗತ್ಯವಿಲ್ಲ. ‘ಕೃತಘ್ನ’ ಎಂಬುದನ್ನು ‘ಕೃತಜ್ಞ’ ಎಂಬುದರೊಂದಿಗೆ ಸೇರಿಸಿಯೇ ಕಲಿಯಿರಿ. ‘ಜ್ಞ’ ಎಂದರೆ ಅರಿತವನು, ‘ಸರ್ವಜ್ಞ’ನಲ್ಲಿ ಇರುವಂತೆ, ‘ಘ್ನ’ ಎಂದರೆ ಕೊಲ್ಲುವವನು, ‘ಶತ್ರುಘ್ನ’ನಲ್ಲಿ ಇರುವಂತೆ. ಮಾಡಿದ ಉಪಕಾರವನ್ನು ಅರಿತವನು ಕೃತಜ್ಞ, ಅದನ್ನು ಕೊಂದವನು ಕೃತಘ್ನ. ಈ ಎರಡು ಅಕ್ಷರಗಳನ್ನು ಅದಲುಬದಲು ಮಾಡಿ, ಬೀಳ್ಕೊಡುಗೆ ಸಮಾರಂಭದಲ್ಲಿ ‘ನಾವೆಲ್ಲರೂ ಗುರುಗಳಿಗೆ ಕೃತಘ್ನರಾಗಿದ್ದೇವೆ’ ಎಂದು ಓದಿದ ಭಾಷಣವನ್ನು ನಾನೇ ವೇದಿಕೆಯ ಕೆಳಗೆ ಕುಳಿತು ಕೇಳಿದ್ದೇನೆ. ಯಾರೂ ನಗಲಿಲ್ಲ ಎಂಬುದು ನನಗೆ ಇನ್ನೂ ಹೆಚ್ಚು ಬೇಸರ ತಂದಿತು.

ವಾಕ್ಯ ಬರೆಯುವಾಗ

ಗುರುವಾರ ವಾಕ್ಯಗಳ ದಿನ. ‘ಕಂಬನಿ ಎಂದರೆ ಕಣ್ಣೀರು’, ‘ಅವನು ಕೃತಘ್ನ’, ‘ನನಗೆ ಔದಾರ್ಯ ಇಷ್ಟ’ ಎಂಬ ವಾಕ್ಯಗಳಿಗೆ ಅಂಕ ಸಿಗಬಹುದು, ಆದರೆ ಅವು ಪದವನ್ನು ಬಳಸಿದ ವಾಕ್ಯಗಳಲ್ಲ, ಪದವನ್ನು ತುರುಕಿದ ವಾಕ್ಯಗಳು. ಪರೀಕ್ಷೆ ಸರಳವಾಗಿದೆ: ವಾಕ್ಯದಲ್ಲಿ ಆ ಪದವನ್ನು ಬೆರಳಿನಿಂದ ಮುಚ್ಚಿ ಗೆಳೆಯನಿಗೆ ತೋರಿಸಿರಿ. ಉಳಿದ ಮಾತುಗಳಿಂದ ಆ ಜಾಗದಲ್ಲಿ ಏನಿರಬೇಕೆಂಬುದರ ಸುಳಿವು ಆತನಿಗೆ ಸಿಕ್ಕರೆ ವಾಕ್ಯ ಗಟ್ಟಿಯಾಗಿದೆ. ‘ತನ್ನನ್ನು ಕೂಲಿಯ ಹಣದಲ್ಲಿ ಓದಿಸಿದ ಅಕ್ಕನ ಮದುವೆಗೂ ಬಾರದ ಅವನನ್ನು ಊರವರು ಕೃತಘ್ನನೆಂದು ಕರೆದರು’ ಎಂಬುದರಲ್ಲಿ ಪದವನ್ನು ಮುಚ್ಚಿದರೂ ಬೈಗುಳ ಕೇಳಿಸುತ್ತದೆ. ‘ಮೂರು ವರ್ಷ ಮಳೆಯ ಮುಖ ಕಾಣದೆ ಕೆರೆಯ ಅಂಗಳವೂ ಬಿರಿದು, ಆ ಸೀಮೆಯೆಲ್ಲ ಬೆಂಗಾಡಾಗಿತ್ತು’ ಎಂಬುದೂ ಹಾಗೆಯೇ.

ಪದದ ಅರ್ಥ ಸರಿಯಾಗಿದ್ದೂ ವಾಕ್ಯ ತಪ್ಪಾಗುವುದುಂಟು. ಪ್ರತಿ ಪದಕ್ಕೂ ಜೊತೆಗೆ ಒಗ್ಗುವ ಕ್ರಿಯಾಪದವೊಂದು ಇರುತ್ತದೆ: ಕಂಬನಿಯನ್ನು ಮಿಡಿಯುತ್ತಾರೆ, ನಿಟ್ಟುಸಿರನ್ನು ಬಿಡುತ್ತಾರೆ, ಔದಾರ್ಯವನ್ನು ತೋರುತ್ತಾರೆ ಅಥವಾ ಮೆರೆಯುತ್ತಾರೆ. ‘ಔದಾರ್ಯವನ್ನು ಮಾಡಿದರು’ ಎಂದರೆ ಕಿವಿಗೆ ಒರಟಾಗಿ ಕೇಳಿಸುತ್ತದೆ. ಜೊತೆಯ ಕ್ರಿಯಾಪದವನ್ನೂ ಪದದೊಂದಿಗೇ ಬರೆದುಕೊಳ್ಳಿರಿ. ಪದಕ್ಕೆ ಒಂದು ಸಂದರ್ಭವೂ ಇರುತ್ತದೆ. ಕಂಬನಿ ಮತ್ತು ಕಣ್ಣೀರು ನಿಘಂಟಿನಲ್ಲಿ ಒಂದೇ, ಆದರೆ ಈರುಳ್ಳಿ ಹೆಚ್ಚುವಾಗ ಅಮ್ಮನ ಕಣ್ಣಿನಿಂದ ಇಳಿಯುವುದು ಕಣ್ಣೀರು. ಅದನ್ನು ಕಂಬನಿ ಎಂದು ಬರೆದರೆ ಓದುವವರಿಗೆ ನಗು ಬರುತ್ತದೆ. ‘ಬೈಗು’ ಪದ್ಯಕ್ಕೂ ಹಳ್ಳಿಯ ಮಾತಿಗೂ ಒಪ್ಪುತ್ತದೆ, ಬಸ್ಸಿನ ವೇಳಾಪಟ್ಟಿಗೆ ಒಪ್ಪುವುದಿಲ್ಲ. ಅರ್ಥ ತಿಳಿಯುವುದಕ್ಕಿಂತ ಇದನ್ನು ತಿಳಿಯಲು ಹೆಚ್ಚು ದಿನ ಬೇಕಾಗುತ್ತದೆ, ಮತ್ತು ಇದು ಓದಿನಿಂದ ಮಾತ್ರ ಬರುವಂಥದು. ಆದ್ದರಿಂದ ವಾರದ ಪದವು ಪತ್ರಿಕೆಯಲ್ಲೋ ಕಥೆಯಲ್ಲೋ ಕಣ್ಣಿಗೆ ಬಿದ್ದರೆ ಆ ಸಾಲನ್ನು ದಿನಾಂಕದೊಂದಿಗೆ ಪದದ ಕೆಳಗೆ ಬರೆದಿಡಿ. ಹತ್ತಕ್ಕೂ ಇಂಥ ಸಾಲು ಸಿಗುವುದಿಲ್ಲ. ಎರಡಕ್ಕೆ ಸಿಕ್ಕರೂ ಆ ವಾರ ಸಾರ್ಥಕ.

ಶುಕ್ರವಾರ ಖಾಲಿ ಹಾಳೆಯೊಂದನ್ನು ತೆಗೆದುಕೊಂಡು, ಪುಸ್ತಕ ಮುಚ್ಚಿ, ಹತ್ತು ಪದಗಳನ್ನೂ ಅರ್ಥಗಳನ್ನೂ ನೆನಪಿನಿಂದ ಬರೆಯಿರಿ. ಬರೆದುದನ್ನು ಮತ್ತೆ ಮತ್ತೆ ಓದುವುದಕ್ಕೂ ಇದಕ್ಕೂ ಬಹಳ ವ್ಯತ್ಯಾಸವಿದೆ: ಓದುವಾಗ ಎಲ್ಲವೂ ಗೊತ್ತಿರುವಂತೆ ತೋರುತ್ತದೆ, ಖಾಲಿ ಹಾಳೆಯ ಮುಂದೆ ಗೊತ್ತಿಲ್ಲದಿರುವುದು ಬಯಲಾಗುತ್ತದೆ. ನಂತರ ತಂಗಿಯೋ ಗೆಳೆಯನೋ ಪದಗಳನ್ನು ಓದಿ ಹೇಳಲಿ, ನೀವು ಉಕ್ತಲೇಖನದಂತೆ ಬರೆಯಿರಿ. ‘ಹ’ಕಾರ ನಾಲಿಗೆಯಿಂದ ಜಾರಿಹೋಗುವ ಕಡೆಗಳಲ್ಲಿ ಇದು ತಪ್ಪದೆ ಬೇಕು. ‘ಹೆಮ್ಮರ’ವನ್ನು ‘ಎಮ್ಮರ’ ಎಂದು ಬರೆದರೆ ತಪ್ಪೆಂದು ಕೂಡಲೇ ತಿಳಿಯುತ್ತದೆ, ಆದರೆ ‘ಹರಸು’ ಮತ್ತು ‘ಅರಸು’ ಎಂಬಲ್ಲಿ ಎರಡೂ ನಿಜವಾದ ಪದಗಳೇ ಆಗಿರುವುದರಿಂದ ತಪ್ಪು ಕಣ್ಣಿಗೆ ಬೀಳದೆ ಅಜ್ಜಿಯು ಮೊಮ್ಮಗನನ್ನು ಹರಸುವ ಬದಲು ಹುಡುಕುತ್ತ ಹೊರಡುತ್ತಾಳೆ. ಮಹಾಪ್ರಾಣಗಳಿಗೂ ಇದೇ ಔಷಧ. ‘ಕೃತಘ್ನ’ ಎಂಬುದನ್ನು ಐದು ಸಲ ಬರೆಯುವುದಕ್ಕಿಂತ ಕೇಳಿ ಒಂದು ಸಲ ಸರಿಯಾಗಿ ಬರೆಯುವುದು ಮೇಲು.

ಶನಿವಾರದ ನಂತರ

ಶನಿವಾರ ಪುಸ್ತಕ ಒಪ್ಪಿಸಿದ ಮೇಲೆ ಕೆಲಸ ಮುಗಿಯಿತೆಂದು ತಿಳಿದರೆ ಇಷ್ಟು ಮಾಡಿದ್ದೂ ನೀರಿನಲ್ಲಿ ಹೋಗುತ್ತದೆ. ಜರ್ಮನಿಯ ಮನಶ್ಶಾಸ್ತ್ರಜ್ಞ ಹರ್ಮನ್ ಎಬ್ಬಿಂಗ್‌ಹೌಸ್ ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ತಾನೇ ಬಾಯಿಪಾಠ ಮಾಡಿ, ಎಷ್ಟು ಹೊತ್ತಿನ ಬಳಿಕ ಎಷ್ಟನ್ನು ಮರೆತೆನೆಂದು ಅಳೆದು 1885ರಲ್ಲಿ ಪ್ರಕಟಿಸಿದನು. ಮರೆವು ಮೊದಲ ಗಂಟೆಗಳಲ್ಲಿ ಬಹು ವೇಗವಾಗಿಯೂ ಆಮೇಲೆ ನಿಧಾನವಾಗಿಯೂ ನಡೆಯುತ್ತದೆ ಎಂಬುದು ಅದರಿಂದ ತಿಳಿಯಿತು. ಒಂದೇ ಸಲ ಕುಳಿತು ಹತ್ತು ಬಾರಿ ಓದುವುದಕ್ಕಿಂತ ದಿನಗಳ ಅಂತರ ಕೊಟ್ಟು ಕೆಲವೇ ಬಾರಿ ನೆನಪಿಸಿಕೊಳ್ಳುವುದು ಹೆಚ್ಚು ನಿಲ್ಲುತ್ತದೆ. ಇದನ್ನು ಆಚರಣೆಗೆ ತರಲು ಪತ್ರಕರ್ತ ಸೆಬಾಸ್ಟಿಯನ್ ಲೈಟ್ನರ್ 1972ರಲ್ಲಿ ಸೂಚಿಸಿದ ಪೆಟ್ಟಿಗೆಗಳ ವಿಧಾನ ಸುಲಭವಾದುದು.

ಮನೆಗೆ ಬಂದ ಮದುವೆಯ ಕರೆಯೋಲೆಗಳನ್ನು ಇಸ್ಪೀಟು ಎಲೆಯಷ್ಟು ದೊಡ್ಡದಾಗಿ ಕತ್ತರಿಸಿರಿ. ಅಚ್ಚಾಗದ ಮಗ್ಗುಲಿನಲ್ಲಿ ಪದವನ್ನು ಮಾತ್ರ ಬರೆದು, ಅಚ್ಚಾದ ಮಗ್ಗುಲಿಗೆ ಬಿಳಿ ಹಾಳೆ ಅಂಟಿಸಿ ಅದರ ಮೇಲೆ ಅರ್ಥ, ಬಿಡಿಸಿದ ರೂಪ, ಜೊತೆಯ ಕ್ರಿಯಾಪದ ಇವನ್ನು ಬರೆಯಿರಿ. ಮೂರು ಹಳೆಯ ಡಬ್ಬಿಗಳು ಬೇಕು. ಆ ವಾರದ ಹತ್ತೂ ಚೀಟಿಗಳು ಮೊದಲ ಡಬ್ಬಿಗೆ ಹೋಗಲಿ, ಇದನ್ನು ಎರಡು ದಿನಕ್ಕೊಮ್ಮೆ ತೆರೆಯಿರಿ. ಸರಿಯಾಗಿ ಹೇಳಿದ ಪದ ಎರಡನೆಯ ಡಬ್ಬಿಗೆ ಹೋಗುತ್ತದೆ, ಅದನ್ನು ವಾರಕ್ಕೊಮ್ಮೆ ತೆರೆಯುವುದು. ಅಲ್ಲಿಯೂ ಸರಿಯಾದುದು ಮೂರನೆಯದಕ್ಕೆ, ಅದನ್ನು ತಿಂಗಳಿಗೊಮ್ಮೆ ತೆರೆಯುವುದು. ಎಲ್ಲಿ ತಪ್ಪಿದರೂ ಚೀಟಿ ಮೊದಲ ಡಬ್ಬಿಗೆ ಹಿಂತಿರುಗಬೇಕು, ಈ ವಿಷಯದಲ್ಲಿ ದಾಕ್ಷಿಣ್ಯ ಬೇಡ. ಕೆಲವು ಪದಗಳು ಮೂರು ನಾಲ್ಕು ಸಲ ಹಿಂದಿರುಗುತ್ತವೆ. ಅಂಥವಕ್ಕೆ ಹೊಸ ವಾಕ್ಯವೊಂದನ್ನು, ಈ ಸಲ ನಿಮ್ಮ ಮನೆಯದೋ ನಿಮ್ಮ ಬೀದಿಯದೋ ಆದ ಸಂಗತಿಯನ್ನು ಇಟ್ಟು, ಬರೆದು ನೋಡಿರಿ. ಮೂರನೆಯ ಡಬ್ಬಿಯಲ್ಲಿ ಎರಡು ತಿಂಗಳು ತಪ್ಪದೆ ನಿಂತ ಚೀಟಿಗಳನ್ನು ರಬ್ಬರ್ ಬ್ಯಾಂಡ್ ಹಾಕಿ ಕಟ್ಟಿಡಿ. ಮುಂದಿನ ವರ್ಷ ಅದೇ ತರಗತಿಗೆ ಬರುವ ತಮ್ಮನಿಗೋ ತಂಗಿಗೋ ಕೊಡುವಾಗ ಪದ ಬರೆದ ಚೀಟಿಗಳನ್ನಷ್ಟೇ ಕೊಡಿ. ಹಿಂಬದಿಗೆ ಅಂಟಿಸಿದ ಅರ್ಥದ ಹಾಳೆಯನ್ನು ಮೊದಲೇ ಕಿತ್ತಿರಿ, ಅದನ್ನು ಅವರೇ ಬರೆದುಕೊಳ್ಳಲಿ.